ನಾಲಗೆಯಿಲ್ಲದ ಗಂಟೆ

ನಮ್ಮ ಸೋದರತ್ತೆಯನ್ನು ಬೀದಿಯವರೆಲ್ಲ ಎದುರಿಗೆ ಸುತ್ತಿಗೆಯಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಬರೀ ಸುತ್ತಿಗೆ. ಗೇಣುದ್ದದ ಒಂದು ಸುತ್ತಿಗೆ ಸದಾ ಅವಳ ಸೊಂಟದಲ್ಲಿ ಇರುತ್ತಿತ್ತು. ರಾತ್ರಿ ಅವಳ ಜೊತೆ ಮಲಗಿ ಬೆಳಿಗ್ಗೆ ಅವಳ ಜೊತೆಯೇ ಏಳುತ್ತಿತ್ತು. ಗಂಡನ ಪಕ್ಕದಲ್ಲಿ ಅವಳು ಅಷ್ಟು ದಿನ ಮಲಗಲಿಲ್ಲ, ಆ ಕಥೆಗೆ ಆಮೇಲೆ ಬರುತ್ತೇನೆ.

ನಮ್ಮದು ಗುಜರಿ ವ್ಯಾಪಾರ. ತೂತು ಬಿದ್ದ ಹಂಡೆ, ಸುಟ್ಟ ಮೋಟಾರು, ಮುರಿದ ನಲ್ಲಿ, ಕೀಲಿ ಕಳೆದ ಬೀಗ, ಏನು ಬಂದರೂ ತೂಗಿ ಕೊಳ್ಳುವುದು, ಒಡೆದು ವಿಂಗಡಿಸುವುದು, ಲೋಹ ಕರಗಿಸುವವರಿಗೆ ಮಾರುವುದು. ಈ ಕಸುಬಿನಲ್ಲಿ ಕಣ್ಣು ನಂಬಿದವನು ಕೆಟ್ಟ. ಹಿತ್ತಾಳೆಯ ಹಾಗೆ ಹೊಳೆಯುವುದು ಹಿತ್ತಾಳೆಯಲ್ಲ, ಭಾರವಾಗಿರುವ ತಾಮ್ರದ ಹೊಟ್ಟೆಯಲ್ಲಿ ಸೀಸ ತುಂಬಿರುತ್ತದೆ. ಹಾಗಾಗಿ ನಮ್ಮವರು ಎಲ್ಲವನ್ನೂ ತಟ್ಟಿ ಕೇಳುತ್ತಾರೆ. ಗಟ್ಟಿ ವಸ್ತುವಾದರೆ ಕಿವಿಯ ಹತ್ತಿರ ಹಿಡಿದು ಒಂದು ಏಟು. ಟೊಳ್ಳು ವಸ್ತುವಾದರೆ ಅದರ ಬಾಯಿಯನ್ನು ಕಿವಿಗೆ ಒತ್ತಿಕೊಂಡು ಬುಡಕ್ಕೆ ಒಂದು ಏಟು. ನಮ್ಮ ಮನೆಯಲ್ಲಿ ಮಕ್ಕಳು ನಡೆಯುವುದಕ್ಕಿಂತ ಮೊದಲು ಇದನ್ನು ಕಲಿಯುತ್ತಿದ್ದರು. ಯಾವ ಪಾತ್ರೆ ಕೈಗೆ ಸಿಕ್ಕಿದರೂ ಕಿವಿಗೆ ಇಟ್ಟುಕೊಂಡು ತಟ್ಟುವುದು ನಮಗೆ ತಲೆ ಕೆರೆದುಕೊಂಡಷ್ಟು ಸಹಜ.

ಇದರಲ್ಲಿ ಅತ್ತೆಯನ್ನು ಮೀರಿಸಿದವರು ಯಾರೂ ಇರಲಿಲ್ಲ. ಒಮ್ಮೆ ಒಬ್ಬ ದಪ್ಪ ಮನುಷ್ಯ ಕಂಚಿನ ಪಾತ್ರೆ ಅಂತ ಒಂದನ್ನು ತಂದ. ಅತ್ತೆ ತಟ್ಟಿ ನೋಡಿ, "ತಳದಲ್ಲಿ ಬೇರೆ ಏನೋ ತುಂಬಿದ್ದೀಯ, ತಗೊಂಡ್ಹೋಗು" ಅಂದಳು. ಅವನು ಪಾತ್ರೆಯ ಮೇಲೆ ಕೈ ಊರಿಕೊಂಡು, "ಗಂಡಸರು ಯಾರಾದ್ರೂ ಇದ್ರೆ ಕರಿ, ನಿಂಗೇನ್ ಗೊತ್ತಾಗುತ್ತೆ" ಅಂದ. ಸುತ್ತಿಗೆ ಅವನ ಕಿರುಬೆರಳಿನ ಮೇಲೆ ಬಿತ್ತು. ಅವನು ನೆಲದ ಮೇಲೆ ಹೊರಳಾಡುತ್ತಿದ್ದರೆ ಇವಳು ಶಾಂತವಾಗಿ, "ಇದು ಮೂಳೆ. ಇದರ ಶಬ್ದಾನೂ ನಂಗೆ ಗೊತ್ತು" ಅಂದಳು. ಆಮೇಲೆ ಅವಳ ಎದುರು ಗಂಡಸರನ್ನು ಕರೆಯಲು ಹೇಳಿದವರು ಇಲ್ಲ.

ಅಷ್ಟು ಕೇಳುತ್ತಿದ್ದದ್ದು ಒಂದೇ ಕಿವಿಯಿಂದ. ಎಡಗಿವಿಯನ್ನು ತಾತ ಒಡೆದು ಹಾಕಿದ್ದ. ಅವಳು ಇನ್ನೂ ಲಂಗ ಹಾಕುತ್ತಿದ್ದ ವಯಸ್ಸಿನಲ್ಲಿ, ಅಂಗಡಿಯಲ್ಲಿ ಒಬ್ಬಳೇ ಇದ್ದಾಗ, ಸೀಸ ತುಂಬಿದ ಒಂದು ಕೆಟಲನ್ನು ತಾಮ್ರ ಅಂತ ಕೊಂಡುಬಿಟ್ಟಳಂತೆ. ತಾತ ಬಂದು ತಟ್ಟಿ ನೋಡಿದ. ಏನೂ ಬೈಯಲಿಲ್ಲ, ತೆರೆದ ಅಂಗೈಯಿಂದ ಕಿವಿಯ ಮೇಲೆ ಒಂದು ಬಿಟ್ಟ. ರಕ್ತ ಕುತ್ತಿಗೆಗೆ ಇಳಿಯಿತು. ಮಾರನೆಯ ದಿನ ಅದೇ ಕೆಟಲನ್ನು ಅವಳ ಬಲಗಿವಿಗೆ ಒತ್ತಿ, ಬುಡಕ್ಕೆ ತಟ್ಟಿ, "ಕೇಳು. ಇದು ಸೀಸ" ಅಂದನಂತೆ. ಅಷ್ಟೇ. ಆ ಕಿವಿಯ ಬಗ್ಗೆ ಅವನು ಮತ್ತೆ ಎಂದೂ ಬಾಯಿ ಬಿಡಲಿಲ್ಲ, ಕೆಟಲನ್ನು ಮಾತ್ರ ಮಾರದೆ ಇಟ್ಟುಕೊಂಡ.

ನಮ್ಮ ಮನೆತನವೇ ಹಾಗೆ. ಬೇರೆ ಮನೆಗಳಲ್ಲಿ ಮಾತು ಮುಗಿದ ಮೇಲೆ ಕೈ ಏಳುತ್ತದೆ, ನಮ್ಮಲ್ಲಿ ಕೈ ಇಳಿದ ಮೇಲೆ ಮಾತು ಶುರು. ತಾತನ ಹಿರಿಮಗ ನಮ್ಮಪ್ಪ. ಅವನಿಗೆ ತಾತನ ಕೈ ಬಂತು, ಕಿವಿ ಬರಲಿಲ್ಲ. ಆ ಸಿಟ್ಟನ್ನು ಅವನು ನಮ್ಮಮ್ಮನ ಮೇಲೂ ನನ್ನ ಮೇಲೂ ತೀರಿಸಿಕೊಂಡ. ನನ್ನ ಹುಬ್ಬಿನ ಮೇಲಿನ ಗೆರೆ ಬಾಗಿಲ ಚಿಲಕದ್ದು, ಅವನು ದೂಡಿದ್ದು. ಚಿಕ್ಕಪ್ಪ ಮೊದಲು ಹೊಡೆದು ಆಮೇಲೆ ಅಳುವವನು. ಅಪ್ಪನಿಗಿಂತ ಅವನನ್ನು ಕಂಡರೆ ನನಗೆ ಹೆಚ್ಚು ಹೇಸಿಗೆ, ಯಾಕೆಂದರೆ ಅವನ ಹತ್ತಿರ ಏಟು ತಿಂದು ಅವನನ್ನೇ ಸಮಾಧಾನ ಮಾಡಬೇಕಿತ್ತು.

ಅತ್ತೆಯ ಮದುವೆಯ ಕಥೆ ಚಿಕ್ಕದು. ಗಂಡ ಮೊದಲ ಜಗಳದಲ್ಲಿ ಅವಳ ಜುಟ್ಟು ಹಿಡಿದ. ಅವಳು ಅವನ ಭುಜದ ಮೂಳೆ ಮುರಿದು, ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ನಡೆದು ಬಂದಳು. ತಾತ ಗೇಟಿನ ಹತ್ತಿರ ತಂತಿ ಸುತ್ತುತ್ತಾ ಕೂತಿದ್ದ. ಅವಳ ಮುಖ ನೋಡಿ, "ಬಲಗೈಗೆ ಏನೂ ಆಗಿಲ್ಲ ತಾನೇ?" ಅಂತ ಕೇಳಿದ. ಇಲ್ಲ ಅಂದಳು. "ಸರಿ, ಆ ಗುಡ್ಡೆ ವಿಂಗಡಿಸು" ಅಂದ. ನಮ್ಮ ಮನೆಯ ಮಟ್ಟಿಗೆ ಅದು ಆರತಿ ಎತ್ತಿ ಒಳಗೆ ಕರೆದ ಹಾಗೆ.

ನಾನು ಅಪ್ಪನ ಮನೆ ಬಿಟ್ಟು ಅಂಗಡಿಯ ಹಿಂದಿನ ಕೋಣೆಗೆ ಅತ್ತೆಯ ಹತ್ತಿರ ಬಂದಾಗ ನನಗೂ ಅಂಥದೇ ಸ್ವಾಗತ ಸಿಕ್ಕಿತು. "ಉಗುರು ಕತ್ತರಿಸ್ಕೊ, ತಂತಿಗೆ ಸಿಕ್ಕುತ್ತೆ" ಅಂದಳು. ಅವಳು ನನಗೆ ಎಂದೂ ಹೊಡೆಯಲಿಲ್ಲ. ಅದೊಂದಕ್ಕೆ ನಾನು ಅವಳಿಗಾಗಿ ಪ್ರಾಣ ಬೇಕಾದರೂ ಕೊಡುತ್ತಿದ್ದೆ.

ತಾತನಿಗೆ ಪಾರ್ಶ್ವವಾಯು ಬಡಿದದ್ದು ತಕ್ಕಡಿಯ ಮುಂದೆ. ಬಲಗಡೆ ಪೂರ್ತಿ ಸತ್ತಿತು, ನಾಲಗೆಯೂ ಅದರ ಜೊತೆಗೆ ಹೋಯಿತು. ಗಂಡುಮಕ್ಕಳಿಬ್ಬರೂ ಬಾಗಿಲಲ್ಲಿ ನಿಂತು ಇಣುಕಿ ಹೋಗುತ್ತಿದ್ದರು. ತೊಳೆಯುವುದು, ತಿನ್ನಿಸುವುದು, ಹೊರಳಿಸುವುದು ಎಲ್ಲ ಅತ್ತೆ ಮತ್ತು ನಾನು. ಉಳಿದ ಎಡಗೈಯಲ್ಲೇ ಅವನು ನಮಗೆ ಬೀಸುತ್ತಿದ್ದ. ಗಂಜಿಯ ಬಟ್ಟಲನ್ನು ನನ್ನ ಮುಖಕ್ಕೆ ಎಸೆದಿದ್ದಾನೆ, ಅತ್ತೆಯ ಮಣಿಕಟ್ಟನ್ನು ಕಚ್ಚಿದ್ದಾನೆ. ಬೆನ್ನು ಹುಣ್ಣಾಯಿತು. ಆ ಹುಣ್ಣನ್ನು ತೊಳೆಯುವಾಗ ಅವನಿಂದ ಹೊರಡುತ್ತಿದ್ದ ಸದ್ದು ಬೀದಿಯ ತುದಿಗೆ ಕೇಳುತ್ತಿತ್ತು.

ಒಂದು ದಿನ ಅವನು ಮೂಲೆಯ ಟ್ರಂಕನ್ನು ತೋರಿಸಿ ಗಲಾಟೆ ಮಾಡಿದ. ಎಳೆದು ಹಾಸಿಗೆಯ ಪಕ್ಕಕ್ಕೆ ತಂದಿಟ್ಟೆವು. ನಮ್ಮನ್ನು ಹೊರಗೆ ಹೋಗಿ ಅಂತ ಕೈ ಬೀಸಿದ. ಬಹಳ ಹೊತ್ತು ಒಳಗಿನಿಂದ ಲೋಹ ಉಜ್ಜುವ ಸದ್ದು ಬರುತ್ತಿತ್ತು. ಆಮೇಲೆ ಮಂಚವನ್ನು ಗುದ್ದಿ ಕರೆದ. ಹೋಗಿ ನೋಡಿದರೆ ಮಂಡಿಗಳ ನಡುವೆ ಒಂದು ವಸ್ತು ಇಟ್ಟುಕೊಂಡು, ಬೆವರಿ ನೀರಾಗಿ, ಗೋಡೆಗೆ ಒರಗಿದ್ದಾನೆ. ಅದು ಗಂಟೆಯ ಆಕಾರದಲ್ಲಿತ್ತು. ಅಗಲವಾದ ಬಾಯಿ, ಮೇಲೆ ದಪ್ಪ ಕುತ್ತಿಗೆ, ಕುತ್ತಿಗೆಯ ತುದಿಗೆ ತಿರುಪಿನ ಮುಚ್ಚಳ. ಆದರೆ ಒಳಗೆ ನಾಲಗೆ ಇರಲಿಲ್ಲ, ತೂಗುಹಾಕಲು ಬಳೆಯೂ ಇರಲಿಲ್ಲ. ಅಷ್ಟು ವರ್ಷ ಅದೇ ಮನೆಯಲ್ಲಿದ್ದ ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ.

ತಾತ ಅದರ ಬಾಯಿಯನ್ನು ತನ್ನ ಹಣೆಗೆ ಒತ್ತಿಕೊಂಡ. ನಂತರ ಕೆಳಗಿಟ್ಟು, ಅತ್ತೆಯ ಬಲಗೈಯ ಮಣಿಕಟ್ಟನ್ನು ಹಿಡಿದು ಎಳೆದು, ಆ ಕೈಯಿಂದ ತನ್ನ ಹಣೆಗೆ ಬಡಿಸಿಕೊಂಡ. ಮತ್ತೆ ಗಂಟೆ ಹಣೆಗೆ, ಮತ್ತೆ ಅವಳ ಕೈ ಹಣೆಗೆ. ಮುಖದ ಅರ್ಧ ಭಾಗ ಅಳುತ್ತಿತ್ತು.

ಹಣೆ ಚಚ್ಚಿಕೊಳ್ಳುವ ಮುದುಕರನ್ನು ನೋಡದವರು ಯಾರಿದ್ದಾರೆ? ನನ್ನ ಹಣೆಬರಹ ನೋಡಿ, ಹೀಗಾಯಿತಲ್ಲ ನನ್ನ ಗತಿ ಅಂತ. ಅತ್ತೆಗೆ ಪಿತ್ತ ನೆತ್ತಿಗೇರಿತು. ಕೈ ಕಿತ್ತುಕೊಂಡು ಕೂಗಿದಳು. "ಈಗ ಹಣೆ ಚಚ್ಕೊಂಡು ಏನ್ ಬಂತು? ನಮ್ಮನ್ನೆಲ್ಲ ಚಚ್ಚೋವಾಗ ಎಲ್ಲಿತ್ತು ಈ ಬುದ್ಧಿ? ಅನುಭವಿಸು!" ಅವನು ಅದನ್ನೇ ಮತ್ತೆ ಮತ್ತೆ ಮಾಡಿದ, ದಿನಾ ಮಾಡಿದ. ಇವಳು ದಿನಾ ಬೈದಳು. ಕೊನೆಗೊಂದು ದಿನ ಗಂಡುಮಕ್ಕಳಿಬ್ಬರೂ ಬಾಗಿಲಲ್ಲಿ ನಿಂತಿದ್ದಾಗ ಅವನು ಆ ಗಂಟೆಯನ್ನು ಅತ್ತೆಯ ಮಡಿಲಿಗೆ ಹಾಕಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಆಮೇಲೂ ಬೇಗ ಸಾಯಲಿಲ್ಲ. ಹುಳ ಬಿದ್ದು, ಕೂಗಿ ಕೂಗಿ ಗಂಟಲು ಒಡೆದು ಸತ್ತ.

ಗುಜರಿ ಅಂಗಡಿಯನ್ನು ಮೂರು ಪಾಲು ಮಾಡುವುದಕ್ಕೆ ಅಪ್ಪ ಚಿಕ್ಕಪ್ಪ ಇನ್ನೂ ಕಚ್ಚಾಡುತ್ತಿದ್ದರು, ಅದು ಮುಗಿಯುವ ವ್ಯವಹಾರವಲ್ಲ. ಆದರೆ ಗಂಟೆ ಅತ್ತೆಗೆ ಅಂತ ಅವರ ಕಣ್ಣೆದುರೇ ತೀರ್ಮಾನವಾಗಿತ್ತು. ಬೇರೆ ಏನನ್ನೂ ಯಾರಿಗೂ ಕೊಡದ ಮನುಷ್ಯ ಇದೊಂದನ್ನು ಇವಳಿಗೆ ಯಾಕೆ ಕೊಟ್ಟ? ಅತ್ತೆಯ ತಲೆಯಲ್ಲಿ ಅದೇ ಹುಳ ಕೊರೆಯುತ್ತಿತ್ತು. ಮುಚ್ಚಳದ ತಿರುಪು ಬಿಗಿದು ಕೂತಿತ್ತು. ಗಂಟೆಯ ಬಾಯಿಯನ್ನು ಬಲಗಿವಿಗೆ ಒತ್ತಿ ಮುಚ್ಚಳದ ಮೇಲೆ ತಟ್ಟಿದಳು. ಒಮ್ಮೆ ಅಲ್ಲ, ದಿನಕ್ಕೆ ಎಷ್ಟೋ ಸಲ. ತಡೆಯಬೇಕು ಅಂತ ಆಗ ನನಗೆ ತಿಳಿಯಲಿಲ್ಲ.

"ಕುತ್ತಿಗೆ ಒಳಗೆ ಏನೋ ಕೂತಿದೆ ಕಣೇ," ಅಂದಳು. "ಖಾಲಿ ಇದ್ದಿದ್ರೆ ಇನ್ನೂ ಸ್ವಲ್ಪ ಹೊತ್ತು ಹಾಡ್ತಿತ್ತು. ಯಾರೋ ಬಾಯಿ ಮುಚ್ಚಿದ ಹಾಗೆ ನಿಲ್ಲುತ್ತೆ."

ಈ ಮಾತು ಚಿಕ್ಕಪ್ಪನ ಕಿವಿಗೆ ಬಿತ್ತು, ಅಲ್ಲಿಂದ ಅಪ್ಪನ ಕಿವಿಗೆ. ಒಳಗೆ ಏನೋ ಇದೆ ಅಂದರೆ ಅವರಿಬ್ಬರ ಲೆಕ್ಕದಲ್ಲಿ ಅದು ಚಿನ್ನವೇ. ಇಬ್ಬರೂ ಅಂಗಡಿಯ ಸುತ್ತ ಸುಳಿಯತೊಡಗಿದರು.

ಅತ್ತೆ ಅದನ್ನು ಚೀಲದಲ್ಲಿ ಸುತ್ತಿಕೊಂಡು ಗೊತ್ತಿದ್ದವರನ್ನು ಕೇಳಲು ಹೊರಟಳು, ನನ್ನನ್ನೂ ಕರೆದುಕೊಂಡು. ಮದುವೆ ಬ್ಯಾಂಡಿನ ಮೇಸ್ತ್ರಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಊದೋದಂತೂ ಅಲ್ಲ" ಅಂದ. ಹಡಗಿನಲ್ಲಿ ದುಡಿದು ಬಂದಿದ್ದ ಒಬ್ಬ, ಮಂಜಿನಲ್ಲಿ ಹೊಡೆಯುವ ಗಂಟೆ ಇರಬಹುದು ಅಂದ. ಹೊಡೆದರೆ ಸದ್ದು ನಿಲ್ಲುವ ಗಂಟೆ ಯಾವ ಮಂಜಿಗೆ ಅಂತ ಅತ್ತೆ ಅವನಿಗೆ ಚೆನ್ನಾಗಿ ಉಗಿದಳು. ಕೊನೆಗೆ ಹಳೆಯ ಗಡಿಯಾರ, ಹಳೆಯ ಪಟಗಳನ್ನು ಮಾರುವ ಅಂಗಡಿಯವನ ಹತ್ತಿರ ಬಂದೆವು. ಒಳ್ಳೆಯ ಮನುಷ್ಯ, ಟೀ ತರಿಸಿದ. ಕನ್ನಡಕದ ಮೇಲೆ ಇನ್ನೊಂದು ಗಾಜು ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ ಅವನ ಮುಖ ಅರಳಿತು.

"ಅಮ್ಮಾ, ಇದು ಕಿವುಡರ ಕೊಳವೆ," ಅಂದ. "ಈಗಿನ ಮೆಷಿನ್ ಬರೋಕೆ ಮುಂಚೆ ಕಿವಿ ಕೇಳ್ದೋರು ಇಂಥದ್ದು ಹಿಡ್ಕೋತಿದ್ರು. ಅಗಲದ ಬಾಯಿ ಮಾತಾಡೋರ ಕಡೆಗೆ, ಸಣ್ಣ ತುದಿ ಕಿವಿಗೆ. ಈ ಮುಚ್ಚಳ ಬಿಚ್ಚಿದ್ರೆ ಕಿವಿಗೆ ಇಡೋ ತೂತು ಸಿಗುತ್ತೆ ನೋಡಿ." ಗೋಡೆಯಿಂದ ಒಂದು ಪಟವನ್ನೂ ಇಳಿಸಿ ತೋರಿಸಿದ. ಒಬ್ಬ ಮುದುಕಿ ಅಂಥದೇ ಒಂದನ್ನು ಕಿವಿಗೆ ಹಿಡಿದು ಕೂತಿದ್ದಳು.

ಅತ್ತೆ ಟೀ ಕುಡಿಯದೆ ಎದ್ದು ಹೊರಗೆ ಬಂದಳು. ಬೀದಿಯ ಮಧ್ಯದಲ್ಲಿ ನಿಂತು, ಆ ಗಂಟೆಯನ್ನು ಎದೆಗೆ ಅವಚಿಕೊಂಡು, ಗೊಳೋ ಅಂತ ಅತ್ತಳು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಸೈಕಲ್ಲಿನವರು ಬೈದುಕೊಂಡು ಸುತ್ತಿ ಹೋದರು.

"ಅವನಿಗೆ ನೆನಪಿತ್ತು ಕಣೇ," ಅಂದಳು. "ನನ್ ಕಿವಿ ನೆನಪಿತ್ತು. ಬಾಯಲ್ಲಿ ಹೇಳೋಕಾಗದೆ ಎಲ್ಲಿಂದಲೋ ಹುಡುಕಿ ಇಟ್ಟಿದ್ದ. ತಪ್ಪಾಯ್ತು ಅಂತ ಹಣೆ ಚಚ್ಕೊಂಡ. ನಾನು ಪಾಪಿ, ಬೈದುಬಿಟ್ಟೆ."

ಅಲ್ಲಿಂದ ಅವಳು ಬೇರೆಯೇ ಹೆಂಗಸಾದಳು. ಗಿರಾಕಿಗಳಿಗೆ ಕೂರಲು ಹೇಳುತ್ತಿದ್ದಳು. ಮೋಸದ ಮಾಲು ತಂದವನಿಗೂ "ಹೋಗ್ಲಿ ಬಿಡು, ಇನ್ನೊಂದ್ಸಲ ತರಬೇಡ" ಅನ್ನುತ್ತಿದ್ದಳು. ಸುತ್ತಿಗೆಗೆ ತುಕ್ಕು ಹಿಡಿಯಿತೇನೋ ಅಂತ ಬೀದಿಯವರು ನಕ್ಕರು. ಮಧ್ಯಾಹ್ನ ಕೆಲಸ ನಿಂತಾಗ ಕೆಟ್ಟ ಎಡಗಿವಿಗೆ ಆ ಗಂಟೆಯ ಕುತ್ತಿಗೆಯನ್ನು ಆನಿಸಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು. ಮುಚ್ಚಳ ಬಿಚ್ಚದೆ ಏನೂ ಕೇಳುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು. ಪಾನಾ ಹಾಕಿ ತಿರುಗಿಸು ಅಂತ ನಾನು ಹೇಳಿದರೆ ಒಪ್ಪಲಿಲ್ಲ. ದಿನಾ ತಿರುಪಿಗೆ ಎಣ್ಣೆ ಬಿಡುತ್ತಿದ್ದಳು, ತಾನಾಗಿಯೇ ಬಿಡಲಿ ಅಂತ. ನನಗೆ ಒಳಗೊಳಗೇ ಸಿಟ್ಟು. ಒಂದು ಕಿವಿ ಕಿತ್ತುಕೊಂಡು ಒಂದು ತಗಡಿನ ಕೊಳವೆ ಕೊಟ್ಟವನನ್ನು ಇವಳು ದೇವರ ಮಟ್ಟಕ್ಕೆ ಏರಿಸಿದಳಲ್ಲ ಅಂತ. ಆದರೂ ಅವಳ ಮುಖದ ಬಿಗಿ ಸಡಿಲಾದದ್ದನ್ನು ನೋಡಿ ಬಾಯಿಗೆ ಬೀಗ ಹಾಕಿಕೊಂಡೆ.

ಆ ಮಧ್ಯಾಹ್ನ ಅವಳು ನೀರು ತರಲು ಹಿಂದಕ್ಕೆ ಹೋಗಿದ್ದಳು. ನಾನು ಮೋಟಾರಿನ ತಂತಿ ಬಿಡಿಸುತ್ತಿದ್ದೆ. ಅಪ್ಪ ಬಂದವನೇ ಗೂಡಿನಿಂದ ಗಂಟೆ ಎಳೆದು ಬೆಂಚಿನ ಮೇಲಿನ ಕಬ್ಬಿಣದ ಹಿಡಿಕಟ್ಟಿನ ದವಡೆಗೆ ಸಿಕ್ಕಿಸಿ ಬಿಗಿದ. "ಮುಟ್ಟಬೇಡ" ಅಂತ ನಾನು ಎದ್ದೆ. ಮೊಣಕೈಯಿಂದ ನನ್ನ ಬಾಯಿಗೆ ಗುದ್ದಿದ. ನಾನು ಡಬ್ಬಗಳ ಮೇಲೆ ಬಿದ್ದೆ, ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಅವನು ಪಾನಾ ಹಾಕಿ ತಿರುಗಿಸಿದ. ಎಣ್ಣೆ ಕುಡಿದಿದ್ದ ತಿರುಪು ಬೆಣ್ಣೆಯ ಹಾಗೆ ಬಿಟ್ಟುಕೊಟ್ಟಿತು. ಮುಚ್ಚಳ ನೆಲಕ್ಕೆ ಬಿದ್ದು ಉರುಳಿತು.

ಅಡಿಯಲ್ಲಿ ಚಿನ್ನ ಇರಲಿಲ್ಲ, ತೂತೂ ಇರಲಿಲ್ಲ. ಗಟ್ಟಿ ಉಕ್ಕಿನ ತಲೆ, ಅದರ ನಡುವೆ ಮೊಳೆಯ ತುದಿಯಂಥ ಒಂದು ಸಣ್ಣ ಉಬ್ಬು. ಅಪ್ಪ ಹಿಡಿಕಟ್ಟು ಸಡಿಲಿಸುವಷ್ಟರಲ್ಲಿ ಚಿಕ್ಕಪ್ಪ ಗೇಟಿನಿಂದ ಓಡಿ ಬಂದ. "ಒಬ್ಬನೇ ನುಂಗೋಣ ಅಂತ ಬಂದ್ಯಾ?" ಅಂತ ಕೂಗಿ, ಕೈಗೆ ಸಿಕ್ಕ ಸರಪಳಿ ಬೀಸಿದ. ಅಪ್ಪನ ಬೆನ್ನಿನ ಅಂಗಿ ಹರಿದು ಚರ್ಮವೂ ಹರಿಯಿತು. ಅಪ್ಪ ತಿರುಗಿ ಪಾನಾದಿಂದ ಅವನ ದವಡೆಗೆ ಹೊಡೆದ. ಎರಡು ಹಲ್ಲು ನನ್ನ ಕಾಲ ಹತ್ತಿರ ಬಿದ್ದವು. ಚಿಕ್ಕಪ್ಪ ಅವನ ಹೊಟ್ಟೆಗೆ ತಲೆಯಿಂದ ಹಾಯ್ದು ಕೆಡವಿ, ಮೇಲೆ ಕೂತು, ಸರಪಳಿಯನ್ನು ಕುತ್ತಿಗೆಗೆ ಸುತ್ತಿದ. ಇಬ್ಬರೂ ಒಂದು ತಾಯಿಯ ಮೊಲೆ ಕುಡಿದವರು. ಅಪ್ಪನ ನಾಲಗೆ ಹೊರಗೆ ಬರುವುದನ್ನು ನಾನು ನೋಡುತ್ತಾ ಕೂತಿದ್ದೆ. ಎದ್ದು ಬಿಡಿಸಬೇಕು ಅಂತ ನನಗೆ ಅನಿಸಲೇ ಇಲ್ಲ.

ಅತ್ತೆ ಬಂದಳು. ಬಿಂದಿಗೆ ಎಸೆದು, ಚಿಕ್ಕಪ್ಪನ ಪಕ್ಕೆಗೆ ಒದ್ದು ಬೀಳಿಸಿದಳು. ಅವನು ಪಕ್ಕೆ ಹಿಡಿದುಕೊಂಡು ರೂಢಿಯಂತೆ ಅಳಲು ಶುರುಮಾಡಿದ. ಅತ್ತೆ ಅವನ ಕಡೆ ನೋಡಲಿಲ್ಲ. ಅವಳ ಕಣ್ಣು ಹಿಡಿಕಟ್ಟಿನ ಮೇಲೆ ನಟ್ಟಿತ್ತು. ಗಂಟೆಯನ್ನು ಬಿಚ್ಚಿಕೊಂಡು ಬೆರಳಿನಿಂದ ಆ ಉಕ್ಕಿನ ತಲೆಯನ್ನು ಸವರಿದಳು, ಮತ್ತೆ ಸವರಿದಳು.

ಅಪ್ಪ ನೆಲದಿಂದ ಏಳುತ್ತಾ, ಗೊರಗೊರ ಧ್ವನಿಯಲ್ಲಿ ನಕ್ಕ. "ಎಲ್ಲೇ ನಿನ್ ಕಿವಿ ತೂತು? ಅಪ್ಪ ನಿಂಗೆ ಕಿವಿ ಕೊಟ್ಟ ಅಂತ ಬೀದಿ ತುಂಬಾ ಸಾರ್ಕೊಂಡು ಬಂದ್ಯಲ್ಲ. ನೋಡು, ಮುಚ್ಕೊಂಡಿದೆ!"

ಮುಚ್ಚಳ ತೆಗೆದ ಮೇಲೂ ತೂತಿಲ್ಲದ್ದನ್ನು ಅವಳಿಗೆ ನಂಬಲು ಆಗಲಿಲ್ಲ. ಆಗ ಅವಳು ಮಾಡಿದ್ದು ನಮ್ಮ ಮನೆಯವರು ಯಾರೇ ಆದರೂ ಮಾಡುತ್ತಿದ್ದದ್ದು. ಗಂಟೆಯ ಬಾಯಿಯನ್ನು ಒಳ್ಳೆಯ ಕಿವಿಗೆ ಒತ್ತಿಕೊಂಡಳು. ಸೊಂಟದ ಸುತ್ತಿಗೆ ತೆಗೆದಳು. ಕಣ್ಣು ಮುಚ್ಚಿದಳು, ಒಳಗೆ ಇರುವುದು ಏನು ಅಂತ ಅದೇ ಹೇಳಲಿ ಅನ್ನುವ ಹಾಗೆ.

ಸುತ್ತಿಗೆ ಮೇಲೆದ್ದಿತ್ತು. ಅಪ್ಪ ಹಾರಿ ಬಂದು ಗಂಟೆಗೆ ಕೈ ಹಾಕಿ ಎಳೆದ. ಅವಳನ್ನು ಉಳಿಸಲು ಅಲ್ಲ, ಕಿತ್ತುಕೊಳ್ಳಲು. ಗಂಟೆಯ ಬಾಯಿ ಅವಳ ಕಿವಿಯಿಂದ ಜಾರಿ ಅವನ ಅಂಗೈ ಕಡೆ ತಿರುಗಿತು. ಸುತ್ತಿಗೆ ಇಳಿಯಿತು.

ಆ ಸದ್ದನ್ನು ನಾನು ಕೇಳಿದೆ ಅನ್ನುವುದಕ್ಕಿಂತ ಅದು ನನ್ನ ಎದೆಗೆ ಗುದ್ದಿತು ಅನ್ನಬೇಕು. ಶೀಟಿನ ಮೇಲಿನ ಪಾರಿವಾಳಗಳು ಒಟ್ಟಿಗೆ ಎದ್ದವು. ಹೊಗೆ ಸರಿದಾಗ ಅಪ್ಪ ತನ್ನ ಬಲಗೈಯನ್ನು ಮುಖದ ಮುಂದೆ ಹಿಡಿದುಕೊಂಡು ನಿಂತಿದ್ದ. ಅಂಗೈ ಇರಬೇಕಾದ ಕಡೆ ಆಚೆಯ ಗೋಡೆ ಕಾಣುತ್ತಿತ್ತು, ಬೆರಳುಗಳು ಚರ್ಮದಲ್ಲಿ ಜೋತಾಡುತ್ತಿದ್ದವು. ಗುಂಡು ಅಲ್ಲಿಂದ ಹೋಗಿ ತಕ್ಕಡಿಯ ತಟ್ಟೆಯಲ್ಲಿ ತೂತು ಮಾಡಿತ್ತು. ಅಪ್ಪ ಕಿರುಚಲು ಶುರುಮಾಡಿದ್ದು ಆಮೇಲೆ. ಆ ಕೈಯನ್ನು ಡಾಕ್ಟರು ಮಣಿಕಟ್ಟಿನಿಂದ ತೆಗೆದರು. ನನ್ನ ಹುಬ್ಬು, ಅಮ್ಮನ ಬೆನ್ನು, ಆವತ್ತಿನ ನನ್ನ ತುಟಿ ಎಲ್ಲ ಆ ತೋಳಿನದೇ ಕೆಲಸ. ಅಯ್ಯೋ ಅನ್ನಲು ನಾನು ಪ್ರಯತ್ನಪಟ್ಟೆ, ಬರಲಿಲ್ಲ.

ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಬಲಗಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ನಾನು ಕೂಗಿದೆ, ಭುಜ ಹಿಡಿದು ಅಲ್ಲಾಡಿಸಿದೆ. ಅವಳು ನನ್ನ ಬಾಯಿ ಆಡುವುದನ್ನು ನೋಡಿ, "ಜೋರಾಗಿ ಹೇಳೇ" ಅಂದಳು. ನಾನು ಜೋರಾಗಿಯೇ ಹೇಳುತ್ತಿದ್ದೆ.

ಪೊಲೀಸರು ಗಂಟೆಯನ್ನು ತೆಗೆದುಕೊಂಡು ಹೋದರು. ಎರಡು ಕಿವಿಗೂ ಹತ್ತಿ ತುರುಕಿಕೊಂಡ ಅತ್ತೆಯನ್ನು ನಾನು ಠಾಣೆಗೆ ಕರೆದುಕೊಂಡು ಹೋದೆ. ಮೇಜಿನ ಮೇಲೆ ಅದನ್ನು ಇಟ್ಟುಕೊಂಡು ಇನ್ಸ್‌ಪೆಕ್ಟರು, "ಬಂದೂಕು ಅನ್ನೋದು ಗೊತ್ತಾಯ್ತು. ಎಂಥ ಬಂದೂಕು, ಅದನ್ನ ಹೇಳಿ" ಅಂದರು. ನನಗೇನು ಗೊತ್ತು? ಠಾಣೆಯ ಹಿಂದೆ ಪೊಲೀಸ್ ಕುದುರೆಗಳ ಲಾಯ ಇತ್ತು. ಲಾಳ ಹೊಡೆಯುವ ಮುದುಕನೊಬ್ಬ ಯಾವುದೋ ರುಜುವಿಗೆ ಒಳಗೆ ಬಂದ. ಮೇಜಿನ ಮೇಲೆ ಕಣ್ಣು ಬಿದ್ದದ್ದೇ ನಿಂತುಬಿಟ್ಟ.

"ಇದು ನಮ್ ದೊಡ್ಡಣ್ಣನ ಗಂಟೆ ಅಲ್ವಾ?" ಅಂದ. "ಎಲ್ಲಿತ್ತು ಇದು?"

ಅವನು ದೊಡ್ಡಣ್ಣ ಅಂದದ್ದು ನಮ್ಮ ತಾತನನ್ನು. ಬಲಗಡೆ ಸತ್ತು ತಾತ ಮಲಗಿದ್ದು, ಟ್ರಂಕಿನಿಂದ ಇದನ್ನು ತೆಗೆದದ್ದು ಎಲ್ಲ ನಾನು ಹೇಳಿದೆ. ಹರೆಯದಲ್ಲಿ ಲಾಯದಲ್ಲಿ ಲದ್ದಿ ಬಾಚುತ್ತಿದ್ದೆ ಅಂತ ತಾತ ಹೇಳಿದ್ದ, ಅದಕ್ಕಿಂತ ಹೆಚ್ಚು ಹೇಳಿರಲಿಲ್ಲ. ಲದ್ದಿ ಬಾಚುವುದಲ್ಲವಂತೆ ಅವನ ಕೆಲಸ. ಕಾಲು ಮುರಿದ ಕುದುರೆಗೆ, ಗುಣವಾಗದ ರೋಗದ ಕುದುರೆಗೆ ಮುಕ್ತಿ ಕೊಡುವುದು. ಗಂಟೆಯ ಬಾಯಿ ಕುದುರೆಯ ಹಣೆಗೆ, ಮುಚ್ಚಳ ತೆಗೆದು ಮೇಲಿನ ಉಬ್ಬಿಗೆ ಸುತ್ತಿಗೆಯ ಒಂದು ಏಟು. ಮುಚ್ಚಳ ಇದ್ದಾಗ ಎಷ್ಟು ತಟ್ಟಿದರೂ ಏಟು ಗುಂಡಿಗೆ ತಾಕುವುದಿಲ್ಲವಂತೆ.

"ಕುದುರೆಗೆ ಗೊತ್ತೇ ಆಗ್ತಿರ್ಲಿಲ್ಲ," ಅಂದ ಮುದುಕ. "ಅದರ ಕಿವಿ ಸವರ್ತಾ ಏನೇನೋ ಮಾತಾಡ್ತಿದ್ದ. ಅದು ತಾನಾಗಿ ತಲೆ ತಗ್ಗಿಸ್ಬೇಕು, ಆಗ್ಲೇ. ಒಂದು ಕುದುರೆಗೂ ಕೈ ಎತ್ತಿದೋನಲ್ಲ. ಒಂದು ವರ್ಷ ಕುದುರೆಗಳಿಗೆ ಅಂಟುಬೇನೆ ಬಂತು, ಇಡೀ ಲಾಯ ಖಾಲಿ ಮಾಡಿದ. ಮಾರನೇ ದಿನದಿಂದ ಬರ್ಲಿಲ್ಲ, ಗಂಟೆನೂ ಕಾಣಿಸ್ಲಿಲ್ಲ."

"ಅಷ್ಟು ವರ್ಷದಿಂದ ಒಳಗೆ ಗುಂಡು ಇತ್ತಾ?" ಅಂತ ಇನ್ಸ್‌ಪೆಕ್ಟರು ಕೇಳಿದರು.

ಮುದುಕ ತಲೆ ಅಲ್ಲಾಡಿಸಿದ. "ಸಾಧ್ಯನೇ ಇಲ್ಲ ಸಾರ್. ಗುಂಡು ಹಾಕಿ ಇಡೋ ಪದ್ಧತಿನೇ ಇಲ್ಲ. ಎದುರಿಗೆ ಕೆಲಸ ಇದ್ರೆ ಮಾತ್ರ ಹಾಕ್ತಿದ್ದ. ಇತ್ತು ಅಂದ್ರೆ ಯಾವುದೋ ಕೆಲಸಕ್ಕೆ ಅಂತಲೇ ಹಾಕಿದ್ದು. ಕೈ ಒಂದೇ ಆಗಿದ್ರೆ ಹಾಕ್ಬಹುದು, ಹೊಡಿಯೋಕಾಗಲ್ಲ. ಹೊಡಿಯೋಕೆ ಇನ್ನೊಂದು ಕೈ ಬೇಕು."

ತಾತ ಟ್ರಂಕು ತರಿಸಿಕೊಂಡ ದಿನ ನನ್ನ ಕಣ್ಣ ಮುಂದೆ ಬಂತು. ಬಾಗಿಲ ಒಳಗಿನ ಉಜ್ಜುವ ಸದ್ದು, ಮಂಡಿಗಳ ನಡುವಿನ ಗಂಟೆ, ಬೆವರು.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. "ಏನಂದ? ಏನದು?" ಅಂತ ಕೇಳಿದಳು. ತನ್ನ ಧ್ವನಿ ತನಗೆ ಕೇಳದ್ದರಿಂದ ಠಾಣೆಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೇಳಿದಳು. ಅವಳಿಗೆ ಅಕ್ಷರ ಬಾರದು, ಬರೆದು ತೋರಿಸುವಂತಿಲ್ಲ. ಸುಳ್ಳು ಹೇಳಿಬಿಡೋಣ ಅನಿಸಿತು. ಆದರೆ ಸುಳ್ಳನ್ನು ಬಾಯಲ್ಲಿ ಹೇಳಬಹುದು, ಕೈಯಲ್ಲಿ ಹೇಳುವುದು ನನಗೆ ತಿಳಿಯಲಿಲ್ಲ. ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಇತ್ತು. ಅದರ ಬಾಯಿಯನ್ನು ನನ್ನ ಹಣೆಗೆ ಒತ್ತಿಕೊಂಡೆ. ಅವಳ ಬಲಗೈಯ ಮಣಿಕಟ್ಟು ಹಿಡಿದು ಎಳೆದು, ಆ ಕೈಯಿಂದ ಲೋಟದ ಬುಡಕ್ಕೆ ಬಡಿಸಿದೆ.

ಅವಳು ಕೈ ಕಿತ್ತುಕೊಂಡಳು. ನಾನು ಮತ್ತೆ ಮಾಡಿ ತೋರಿಸಬೇಕಾಗಲಿಲ್ಲ.

"ಒಂದೇ ಏಟಿಗಾ?" ಅಂದಳು. ನಾನು ತಲೆಯಾಡಿಸಿದೆ.

"ನೋವಾಗಲ್ವಾ?" ಇಲ್ಲ ಅಂತ ತಲೆಯಾಡಿಸಿದೆ.

ಅವಳು ಬೆಂಚಿನ ಮೇಲೆ ಕುಸಿದು ಕೂತಳು. "ಹಾಗಾದ್ರೆ ಕಿವಿಗಲ್ಲ," ಅಂದಳು. "ಅವನಿಗೆ ನನ್ ಕಿವಿ ನೆನಪೇ ಇರ್ಲಿಲ್ಲ. ಸಾಯಿಸು ಅಂತ ಕೇಳ್ಕೊಂಡ. ನಾನು ಅನುಭವಿಸು ಅಂದೆ."

ಇಬ್ಬರು ಗಂಡುಮಕ್ಕಳನ್ನು ಬಿಟ್ಟು ನಿನ್ನನ್ನೇ ಕೇಳಿದನಲ್ಲ ಅತ್ತೆ, ನಿನ್ನ ಕೈಯನ್ನೇ ನಂಬಿದನಲ್ಲ, ಅದೂ ಕ್ಷಮೆ ಕೇಳಿದ ಹಾಗೆಯೇ ಇರಬಹುದು ಅಂತ ಹೇಳಬೇಕು ಅನಿಸಿತು. ಅದಕ್ಕೆ ಸನ್ನೆ ಯಾವುದು? ಕೈ ಎತ್ತಿ, ಸುಮ್ಮನೆ ಇಳಿಸಿದೆ. ನಿಜ ಹೇಳಬೇಕೆಂದರೆ ಅದನ್ನು ನಾನೇ ನಂಬಿರಲಿಲ್ಲ. ಕುದುರೆಯ ಕಿವಿ ಸವರಿದವನು ಮಗಳ ಕಿವಿ ಒಡೆದ. ಲಾಯ ಖಾಲಿ ಮಾಡಿದ ದುಃಖ ಅವನಿಗೆ ಇರಲಿ, ಅದಕ್ಕೆ ನಾವು ಯಾಕೆ ಏಟು ತಿನ್ನಬೇಕಿತ್ತು?

ಅತ್ತೆ ಎದ್ದು ನಿಂತಳು. "ಗೊತ್ತಿದ್ರೂ ಹೊಡೀತಿರ್ಲಿಲ್ಲ," ಅಂತ ಗೋಡೆ ನಡುಗುವ ಹಾಗೆ ಕೂಗಿದಳು. "ನೋವಾಗಲ್ಲ ಅಂದ್ಮೇಲೆ ಯಾಕ್ ಹೊಡೀಲಿ? ನಂಗೆ ನೋವಾಗಿರ್ಲಿಲ್ವಾ?" ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. ಲಾಳದ ಮುದುಕ ಮೆಲ್ಲಗೆ ಹೊರಗೆ ಹೋದ.

ಬಲಗಿವಿ ಮತ್ತೆ ಬರಲಿಲ್ಲ. ಗಂಟೆ ಸರ್ಕಾರದ ಕಪಾಟಿನಲ್ಲಿ ಉಳಿಯಿತು. ಅಪ್ಪ ಮೊಂಡುಗೈ ಇಟ್ಟುಕೊಂಡು ಮನೆಯಲ್ಲಿ ಕೂತಿದ್ದಾನೆ. ನಮ್ಮಮ್ಮ ಈಗ ಅವನಿಗೆ ಎದುರು ಮಾತಾಡುತ್ತಾಳಂತೆ. ಸುತ್ತಿಗೆಯಕ್ಕನ ಕಥೆ ಮುಗಿಯಿತು, ಕಿವುಡಿ ಏನು ಗುಜರಿ ನಡೆಸುತ್ತಾಳೆ ಅಂತ ಬೀದಿಯವರು ಮಾತಾಡಿಕೊಂಡರು. ಮೋಸದ ಮಾಲು ಸಾಲುಗಟ್ಟಿ ಬಂತು. ಕೆಲವು ವಾರ ನಾನೇ ತಟ್ಟಿ ನೋಡಿದೆ, ಬೇಕಾದಷ್ಟು ಸಲ ಮೋಸಹೋದೆ. ಅತ್ತೆ ಮೂಲೆಯಲ್ಲಿ ಕೂತು ನನ್ನನ್ನು ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಒಬ್ಬ ದೊಡ್ಡ ತಪ್ಪಲೆ ತಂದ. ಅತ್ತೆ ಎದ್ದು ಬಂದು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಅದರ ಬಾಯಿಯ ಅಂಚನ್ನು ಹಣೆಗೆ ಒತ್ತಿಕೊಂಡಳು. ಸೊಂಟದಿಂದ ಸುತ್ತಿಗೆ ತೆಗೆದು ಬುಡಕ್ಕೆ ಒಂದು ಏಟು ಹೊಡೆದಳು. ಅವಳು ಕಣ್ಣು ಮುಚ್ಚಿ, ಲೋಹದ ನಡುಕ ಮೂಳೆಯೊಳಗೆ ನಿಲ್ಲುವವರೆಗೂ ಕಾದು, "ತಳದಲ್ಲಿ ಸೀಸ" ಅಂದಳು. ತಪ್ಪಲೆ ತಂದವನ ಮುಖ ಬಿಳಿಚಿಕೊಂಡಿತು. ಆವತ್ತಿನಿಂದ ಅವಳ ಕೆಲಸ ಹಾಗೇ ನಡೆಯುತ್ತಿದೆ. ಹಣೆಯ ನಡುವೆ ಜಡ್ಡುಗಟ್ಟಿ ಚರ್ಮ ಕಪ್ಪಾಗಿದೆ.

ಮೊನ್ನೆ ಸಾಯಂಕಾಲ, ಗಿರಾಕಿಗಳು ಯಾರೂ ಇಲ್ಲದಾಗ, ತಾತನ ಆ ಹಳೆಯ ಕೆಟಲನ್ನು ಅವಳು ಗೂಡಿನಿಂದ ತೆಗೆದಳು. ಹಣೆಗೆ ಒತ್ತಿಕೊಂಡು ಸುತ್ತಿಗೆ ಎತ್ತಿದಳು, ಆದರೆ ಹೊಡೆಯಲಿಲ್ಲ. ಕೆಟಲನ್ನು ಮಡಿಲಿಗೆ ಇಳಿಸಿ ನನ್ನ ಕಡೆ ತಿರುಗಿದಳು.

"ಹೊಡೀತಿದ್ದೆ ಕಣೇ," ಅಂದಳು. "ಅರ್ಥ ಆಗಿದ್ರೆ ಮೊದಲ್ನೇ ದಿನಾನೇ ಹೊಡೀತಿದ್ದೆ."